ಡೋಣಿ ದಂಡೆಯ ಡೈನೋಸಾರ್: ಆ ಕಲ್ಲು ಬೀಳದಿದ್ದರೆ ಎಂಬ ಲೆಕ್ಕ

(ವಿಜಯಪುರದಲ್ಲಿ ವಿಜ್ಞಾನ ಶಿಕ್ಷಕರು ಮತ್ತು ಪದವಿ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಗೋಳಗುಮ್ಮಟದ ಗೋಡೆಯ ಕರಿಗಲ್ಲು ಒಂದು ಕಾಲಕ್ಕೆ ಹರಿದ ಲಾವಾ ಎಂಬುದು ಇಲ್ಲಿ ಕೂತವರಲ್ಲಿ ಹಲವರಿಗೆ ಗೊತ್ತು. ಅದು ಹರಿದದ್ದು ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ. ಡೈನೋಸಾರ್‌ಗಳ ಕಡೆಗಾಲವೂ ಅದೇ. ಅದೇ ಹೊತ್ತಿಗೆ ಮೆಕ್ಸಿಕೋದ ಯುಕಟಾನ್ ತೀರದಲ್ಲಿ ಸುಮಾರು 10 ಕಿ.ಮೀ. ಅಗಲದ ಕ್ಷುದ್ರಗ್ರಹವೊಂದು ಬಿತ್ತು. ಅಲ್ಲಿನ ಚಿಕ್ಷುಲುಬ್ ಕುಳಿ ಸುಮಾರು 180 ಕಿ.ಮೀ. ಅಗಲವಿದೆ. ಇಂಥದ್ದೊಂದು ಬಿದ್ದಿರಬೇಕೆಂದು ಲೂಯಿ ಮತ್ತು ವಾಲ್ಟರ್ ಆಲ್ವರೆಜ್ ಎಂಬ ತಂದೆ-ಮಗ ತಮ್ಮ ಸಂಗಡಿಗರ ಜೊತೆ 1980ರಲ್ಲಿ ಹೇಳಿದರು. ಆ ಕಾಲದ ಮಣ್ಣಿನ ತೆಳು ಪದರದಲ್ಲಿ ಸಿಕ್ಕ ಇರಿಡಿಯಂ, ಅಂದರೆ ನೆಲದ ಮೇಲೆ ವಿರಳವಾದ, ಕ್ಷುದ್ರಗ್ರಹಗಳಲ್ಲಿ ಹೆಚ್ಚಿರುವ ಲೋಹ, ಅವರಿಗೆ ಆಧಾರವಾಗಿತ್ತು.

ಇವತ್ತಿನ ವಿಷಯ ಇಷ್ಟೆ. ಆ ಕಲ್ಲು ಭೂಮಿಗೆ ತಾಗದೆ ಪಕ್ಕದಲ್ಲಿ ಹಾದುಹೋಗಿದ್ದರೆ ಇವತ್ತು ಡೋಣಿ ಹೊಳೆಯ ಎರಿ ಹೊಲದಲ್ಲಿ ಏನು ಮೇಯುತ್ತಿತ್ತು, ಅದನ್ನು ಏನು ತಿನ್ನುತ್ತಿತ್ತು? ಇದು ಕಲ್ಪನೆಯೇ, ಸಂಶಯ ಬೇಡ. ಆದರೆ ಪ್ರತಿ ಹಂತದಲ್ಲೂ ಲೆಕ್ಕ ಕೇಳುವ ಕಲ್ಪನೆ. ಲೆಕ್ಕ ಕೇಳದಿದ್ದರೆ ಹಲ್ಲು, ಕೋಡು, ರೆಕ್ಕೆ ಸಿಕ್ಕಲ್ಲೆಲ್ಲ ಅಂಟಿಸಿದ ರಾಕ್ಷಸರ ಚಿತ್ರವಾಗುತ್ತದೆ. ಅದಕ್ಕೆ ಇಷ್ಟು ಜನ ಸೇರಬೇಕಾಗಿಲ್ಲ.

ಮೊದಲ ನಿಯಮ: ಬದಲಾಯಿಸುವುದು ಒಂದನ್ನೇ. ಕ್ಷುದ್ರಗ್ರಹ ತೆಗೆದಿದ್ದೇವೆ, ಅಲ್ಲಿಗೆ ನಮ್ಮ ಸ್ವಾತಂತ್ರ್ಯ ಮುಗಿಯಿತು. ದಖನ್ನಿನ ಲಾವಾ ಹರಿದೇ ತೀರುತ್ತದೆ, ಭಾರತ ಉತ್ತರಕ್ಕೆ ಸಾಗಿ ಏಷ್ಯಾಕ್ಕೆ ಗುದ್ದುತ್ತದೆ, ಹಿಮಾಲಯ ಏಳುತ್ತದೆ, ಮುಂಗಾರು ಬರುತ್ತದೆ, ಸಹ್ಯಾದ್ರಿಯ ಮಳೆನೆರಳು ನಮ್ಮ ಮೇಲೆ ಬೀಳುತ್ತದೆ. ಹೊಸಬರು ಇಲ್ಲೇ ಜಾರುತ್ತಾರೆ. ‘ಲಾವಾವೂ ಬೇಡ, ಹವೆಯೂ ತಂಪಾಗಿರಲಿ’ ಎಂದು ಒಂದೊಂದೇ ಸೇರಿಸುತ್ತ ಹೋದರೆ ಕೊನೆಗೆ ಬಂದ ಪ್ರಾಣಿಗೆ ಕಾರಣ ಯಾವುದು ಎಂದು ಹೇಳಲಾಗುವುದಿಲ್ಲ. ಲಾವಾ ಹರಿದರೆ ಇಲ್ಲಿನ ಜೀವ ಉಳಿಯುತ್ತದೆಯೇ ಎಂದು ಕೇಳಬಹುದು. ಲಾವಾ ಒಂದೇ ಸಲ ಹರಿದದ್ದಲ್ಲ. ಎರಡು ಹರಿವುಗಳ ನಡುವೆ ಅನೇಕ ಕಡೆ ಕೆಂಪು ಮಣ್ಣಿನ ಪದರವಿದೆ. ಅಷ್ಟು ಮಣ್ಣಾಗಲು ಬೇಕಾದ ಬಿಡುವು ಸಿಕ್ಕಿತ್ತು ಎಂದರ್ಥ. ಇನ್ನು ಕೆಲವು ಕಡೆ ಕೆರೆಯ ಹೂಳು, ಸಿಹಿನೀರಿನ ಶಂಖ, ಗಿಡಗಳ ಗುರುತು ಸಿಗುತ್ತವೆ. ಬಿಡುವಿನಲ್ಲಿ ಸುತ್ತಲಿನ ಜೀವ ಮರಳಿ ಬರುತ್ತಿತ್ತು.

ಎರಡನೆಯ ನಿಯಮ ಹೆಚ್ಚು ಮುಖ್ಯ, ನನ್ನ ಮಾತಿನ ತಿರುಳೂ ಅದೇ: ಇಲ್ಲಿ ಇದ್ದ ವಂಶದಿಂದಲೇ ಹೊರಡಬೇಕು. ಮಕ್ಕಳಿಗೆ ಚಿತ್ರ ಬಿಡಿಸಲು ಹೇಳಿ ನೋಡಿ. ಟಿರನೊಸಾರಸ್ ಮತ್ತು ಮೂರು ಕೋಡಿನ ಟ್ರೈಸೆರಟಾಪ್ಸ್ ಬಂದೇ ಬರುತ್ತವೆ. ಎರಡೂ ಉತ್ತರ ಅಮೆರಿಕದವು. ಮಡಗಾಸ್ಕರ್‌ನಿಂದ ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ ಬೇರೆಯಾದ ಭಾರತ ಆಗ ಸಮುದ್ರದ ನಡುವಿನ ದೊಡ್ಡ ದ್ವೀಪ. ಇಲ್ಲಿದ್ದ ದೊಡ್ಡ ಸಸ್ಯಾಹಾರಿಗಳು ಟೈಟನೊಸಾರ್‌ಗಳು: ಉದ್ದ ಕತ್ತು, ಕಂಬದಂಥ ನಾಲ್ಕು ಕಾಲು. ಬೇಟೆಯಾಡುತ್ತಿದ್ದವು ಅಬೆಲಿಸಾರ್‌ಗಳು: ಎರಡು ಕಾಲಿನ ನಡಿಗೆ, ಮೋಟು ಮುಖ, ಕೈ ಎಂದರೆ ಹೆಸರಿಗೆ ಮಾತ್ರ. ಚಂದ್ರಪುರ ಜಿಲ್ಲೆಯ ಡೋಂಗರಗಾಂವ್‌ನಲ್ಲಿ ಸಿಕ್ಕ ಐಸಿಸಾರಸ್ ಮೊದಲ ಗುಂಪಿನದು, ಗುಜರಾತಿನ ರಾಹಿಯೋಲಿಯಲ್ಲಿ ಸಿಕ್ಕು 2003ರಲ್ಲಿ ಹೆಸರು ಪಡೆದ ರಾಜಾಸಾರಸ್ ಎರಡನೆಯದರದು.

ನಮ್ಮ ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಲ್ಲಿ ಎಲುಬು ಹುಡುಕಲು ಹೊರಡುವವರಿಗೆ ಒಂದು ಮಾತು. ಬಾಗಲಕೋಟೆ, ಬಾದಾಮಿ, ಗೋಕಾಕದ ಕಲಾದಗಿ ಶಿಲೆಗಳು ಡೈನೋಸಾರ್‌ಗಳಿಗಿಂತ ಬಹಳ ಹಿಂದಿನವು. ಪ್ರಾಣಿಗಳೇ ಹುಟ್ಟಿರದ ಕಾಲದವು. ಅಲ್ಲಿನ ಸುಣ್ಣದ ಕಲ್ಲಿನ ಪದರಗಳಲ್ಲಿ ಸೂಕ್ಷ್ಮಜೀವಿಗಳು ಕಟ್ಟಿದ ಸ್ಟ್ರೊಮಟೊಲೈಟ್ ಸಿಗುತ್ತದೆ, ಎಲುಬು ಸಿಗುವುದಿಲ್ಲ. ವಿಜಯಪುರದ್ದು ಲಾವಾ. ಲಾವಾದೊಳಗೆ ಎಲುಬು ಉಳಿಯುವುದಿಲ್ಲ. ಹಾಗಾಗಿ ವಂಶದ ಪಟ್ಟಿಯನ್ನು ಮಹಾರಾಷ್ಟ್ರ, ಮಧ್ಯಪ್ರದೇಶ, ಗುಜರಾತಿನ ಲಾಮೇಟಾ ಎಂಬ, ಡೈನೋಸಾರ್ ಕಾಲದ ಹೂಳು ಕಲ್ಲಾದ ಪದರಗಳಿಂದ ತರಬೇಕು.

ಪಟ್ಟಿ ಸಿಕ್ಕ ಮೇಲೆ ಕಾಲದ ಗೆರೆ ಎಳೆಯಿರಿ. 5 ಕೋಟಿ 60 ಲಕ್ಷ ವರ್ಷಗಳ ಹಿಂದೆ ಭೂಮಿ 5 ಡಿಗ್ರಿಗೂ ಹೆಚ್ಚು ಬಿಸಿಯಾಯಿತು. ಸುಮಾರು 5 ಕೋಟಿ ವರ್ಷಗಳ ಹಿಂದೆ ಏಷ್ಯಾದ ಜೊತೆ ಡಿಕ್ಕಿ ಶುರುವಾಯಿತು. ಈ ಘಟ್ಟವನ್ನು ಮರೆಯುವವರು ಬಹಳ. ನಮ್ಮ ಕಲ್ಪನೆಯ ಲೋಕದಲ್ಲಿ ಏಷ್ಯಾದಿಂದ ಟಿರನೊಸಾರ್ ವಂಶದವು, ಬಾತುಮೂತಿಯ ಹ್ಯಾಡ್ರೊಸಾರ್ ವಂಶದವು ಆಗ ಒಳಗೆ ಬರುತ್ತವೆ. ಇಲ್ಲಿನವು ಅವುಗಳ ಜೊತೆ ಸೆಣಸಿ ಉಳಿಯಬೇಕು. 3 ಕೋಟಿ 40 ಲಕ್ಷ ವರ್ಷಗಳ ಹಿಂದೆ ಭೂಮಿ ತಂಪಾಯಿತು. ಕಡೆಗೆ 80ರಿಂದ 70 ಲಕ್ಷ ವರ್ಷಗಳ ಹಿಂದೆ ಬಿಸಿಲು ತಡೆಯುವ ಹುಲ್ಲುಗಳು ಉಪಖಂಡದ ಬಯಲು ತುಂಬಿದವು. ನಮ್ಮ ಜೋಳ ಆ ಬಗೆಯ ಹುಲ್ಲೇ.

ಈಗ ಒಂದು ಪ್ರಾಣಿಯನ್ನು ಪೂರ್ತಿ ಕಟ್ಟೋಣ. ಹುಲ್ಲು ಮೇಯುವ ಟೈಟನೊಸಾರ್. ಮಾತಿನ ಅನುಕೂಲಕ್ಕೆ ಅದನ್ನು ಮೋಟಗೋಣ ಎಂದು ಕರೆಯೋಣ.

ಟೈಟನೊಸಾರ್ ಹುಲ್ಲು ತಿನ್ನುವುದು ನಮ್ಮ ಕಲ್ಪನೆಯಲ್ಲ. ಮಹಾರಾಷ್ಟ್ರದ ಪಿಸ್ದುರಾದಲ್ಲಿ ಸಿಕ್ಕ ಕಲ್ಲಾದ ಲದ್ದಿಯೊಳಗೆ ಹುಲ್ಲಿನ ಸಿಲಿಕಾ ಕಣಗಳಿವೆ ಎಂದು 2005ರಲ್ಲಿ ವಂದನಾ ಪ್ರಸಾದ್, ಅಶೋಕ್ ಸಾಹ್ನಿ ಮತ್ತು ಸಂಗಡಿಗರು ತೋರಿಸಿದರು. ಆ ಲದ್ದಿ ಟೈಟನೊಸಾರ್‌ನದೆಂದು ಎಣಿಕೆ. ಆದರೆ ಆಗ ಹುಲ್ಲು ಊಟದ ಒಂದು ಪಾಲು ಮಾತ್ರ. ಹುಲ್ಲನ್ನೇ ನೆಚ್ಚಿದರೆ ಸಿಲಿಕಾ ಹಲ್ಲನ್ನು ಅರೆದು ಹಾಕುತ್ತದೆ.

ಇಲ್ಲಿ ಎಲ್ಲರ ಕೈಯೂ ಎತ್ತು, ಎಮ್ಮೆಯ ದವಡೆಹಲ್ಲಿನ ಕಡೆ ಹೋಗುತ್ತದೆ. ಹೋಗಬಾರದು. ಟೈಟನೊಸಾರ್ ಅಗಿಯುವ ಪ್ರಾಣಿಯೇ ಅಲ್ಲ. ಅದರ ಹಲ್ಲು ಪೆನ್ಸಿಲಿನಂತೆ ಸಣ್ಣ, ಕಿತ್ತು ನುಂಗುವುದಷ್ಟೇ ಕೆಲಸ. ಆದರೆ ಸವೆದದ್ದು ಉದುರಿ ಹೊಸದು ಬರುವ ವ್ಯವಸ್ಥೆ ಅದಕ್ಕಿತ್ತು. ಆಫ್ರಿಕಾದ ನೈಜರ್‌ಸಾರಸ್ ಎಂಬ ದೂರದ ಬಂಧು ಪ್ರತಿ ಹಲ್ಲನ್ನೂ ಸುಮಾರು 14 ದಿನಕ್ಕೊಮ್ಮೆ ಬದಲಿಸುತ್ತಿತ್ತು. ಅದರ ಮೂತಿ ಅಗಲ, ತುದಿ ನೇರ, ನೆಲದ ಮಟ್ಟದ ಸೊಪ್ಪು ಸವರಲು ತಕ್ಕದ್ದು. ಆದ್ದರಿಂದ ಮೋಟಗೋಣಕ್ಕೆ ಅಗಲ ಮೂತಿ ಕೊಡುತ್ತೇವೆ, ಹಲ್ಲು ಬದಲಾಗುವ ವೇಗ ಹೆಚ್ಚಿಸುತ್ತೇವೆ. ದವಡೆಹಲ್ಲು ಕೊಡುವುದಿಲ್ಲ. ಇದ್ದದ್ದನ್ನು ಹೆಚ್ಚಿಸುವುದು, ಕಡಿಮೆ ಮಾಡುವುದು ವಿಕಾಸಕ್ಕೆ ಸುಲಭ. ಇಲ್ಲದ್ದನ್ನು ಹೊಸದಾಗಿ ಹುಟ್ಟಿಸುವುದು ಕಷ್ಟ. ಕಳೆದುಕೊಂಡದ್ದನ್ನು ಇದ್ದಂತೆಯೇ ಮರಳಿ ಪಡೆಯುವುದು ಇನ್ನೂ ಕಷ್ಟ ಎಂದು ಬೆಲ್ಜಿಯಂನ ಲೂಯಿ ಡೊಲೊ 19ನೇ ಶತಮಾನದ ಕೊನೆಯಲ್ಲೇ ಹೇಳಿದ್ದರು. ಟೈಟನೊಸಾರ್‌ನ ಮುಂಗಾಲೇ ಉದಾಹರಣೆ. ಅದರಲ್ಲಿ ಬೆರಳಿನ ಎಲುಬೇ ಉಳಿದಿರಲಿಲ್ಲ, ಅಂಗೈ ಎಲುಬುಗಳೇ ಕಂಬದಂತೆ ನಿಂತಿದ್ದವು. ಮುಂಗಾಲಿನ ಉಗುರಿನಿಂದ ಗೆಡ್ಡೆ ಅಗೆಯುವ ಟೈಟನೊಸಾರ್ ಬರೆದರೆ ಅಲ್ಲೇ ತಪ್ಪು. ಅಗೆಯಲು ಹಿಂಗಾಲಿನ ಉಗುರೊಂದೇ ಇದೆ.

ಮೈಗಾತ್ರಕ್ಕೆ ಬರೋಣ. ವಿಜಯಪುರದ ವರ್ಷದ ಮಳೆ 600 ಮಿ.ಮೀ. ಒಳಗೆ. ಮೇವು ಕೆಲವೇ ತಿಂಗಳು ಹಸಿರು. ಅಂಥಲ್ಲಿ ಹತ್ತಾರು ಟನ್ನಿನ ಹಿಂಡು ನಿಲ್ಲುವುದು ಕಷ್ಟ, ಸಣ್ಣದಾಗಬೇಕು. ಸಣ್ಣದಾದದ್ದಕ್ಕೆ ನಿದರ್ಶನವೂ ಉಂಟು: ಈಗಿನ ರೊಮೇನಿಯಾದಲ್ಲಿದ್ದ ಮಗ್ಯಾರೊಸಾರಸ್ ಒಂದು ಟನ್ನಿನ ಆಸುಪಾಸಿನ ಟೈಟನೊಸಾರ್. ಆದರೆ ಸಣ್ಣದಾದಷ್ಟೂ ಹೊಟ್ಟೆ ಸಣ್ಣ, ಮೇವು ಹೊಟ್ಟೆಯಲ್ಲಿ ನಿಂತು ಕೊಳೆಯುವ ಸಮಯ ಕಡಿಮೆ. ಅಗಿಯದ ಒರಟು ಹುಲ್ಲಿಗೆ ಆ ಸಮಯ ಬೇಕೇ ಬೇಕು. ಈ ಗಂಟನ್ನು ಬಿಡಿಸದೆ ಮುಂದೆ ಹೋದ ಚಿತ್ರಗಳೇ ಹೆಚ್ಚು.

ಬಿಡಿಸುವ ದಾರಿ ಬಂಧುಗಳಲ್ಲಿದೆ. ಡೈನೋಸಾರ್‌ನ ಈಗಿನ ಎರಡು ಬದಿಯ ನೆಂಟರು ಮೊಸಳೆ ಮತ್ತು ಹಕ್ಕಿ. ಎರಡರಲ್ಲೂ ಇರುವುದು ಡೈನೋಸಾರ್‌ನಲ್ಲೂ ಇದ್ದಿರಬಹುದು ಎಂದು ಹಿಡಿಯುವ ವಿಧಾನವನ್ನು 1995ರಲ್ಲಿ ಲಾರೆನ್ಸ್ ವಿಟ್ಮರ್ ಕ್ರಮವಾಗಿ ಮಂಡಿಸಿದರು. ಎರಡಕ್ಕೂ ಹೊಟ್ಟೆಯಲ್ಲಿ ಗಟ್ಟಿ ಸ್ನಾಯುವಿನ ಚೀಲವಿದೆ, ಎರಡೂ ಕಲ್ಲು ನುಂಗುತ್ತವೆ. ಉಷ್ಟ್ರಪಕ್ಷಿಯ ಹೊಟ್ಟೆಯ ಕಲ್ಲು ಮೈತೂಕದ ಶೇ. 1ರ ಹತ್ತಿರ. ಸಿಕ್ಕಿರುವ ಸಾರೊಪಾಡ್‌ಗಳಲ್ಲಿ (ಟೈಟನೊಸಾರ್ ಸೇರಿದ ಉದ್ದ ಕತ್ತಿನ ಡೈನೋಸಾರ್‌ಗಳ ಗುಂಪು) ಕಲ್ಲು ಅದಕ್ಕಿಂತ ತೀರಾ ಕಡಿಮೆ, ಅವು ಕಲ್ಲಿನಿಂದ ಅರೆಯುತ್ತಿರಲಿಲ್ಲ. ಮೋಟಗೋಣದಲ್ಲಿ ಈ ಚೀಲ ಬಲಿಯುತ್ತದೆ ಎಂದು ಹಿಡಿಯೋಣ. ಅದರ ತೂಕ 900 ಕೆ.ಜಿ. ಎಂದು ಇಟ್ಟುಕೊಂಡರೆ 9 ಕೆ.ಜಿ. ಕಲ್ಲು.

ಆ ಕಲ್ಲು ಎಲ್ಲಿಂದ? ಡೋಣಿ ಸೀಮೆಯ ಬಸಾಲ್ಟ್, ಅಂದರೆ ಲಾವಾ ಆರಿ ಆದ ಕರಿಗಲ್ಲು, ಅರೆಯುವ ಕೆಲಸಕ್ಕೆ ಮೆತ್ತಗೆ, ಬೇಗ ಸವೆಯುತ್ತದೆ. ಗಟ್ಟಿ ಕಲ್ಲು ಬೇಕೆಂದರೆ ಕಲಾದಗಿಯ ಬೆಣಚು ಶಿಲೆ, ಅದು ಸಿಗುವುದು ಘಟಪ್ರಭಾ, ಮಲಪ್ರಭಾ ಹೊಳೆಗಳ ಪಾತ್ರದಲ್ಲಿ. ಬಾಗಲಕೋಟೆ ಹತ್ತಿರದ ಅನಗವಾಡಿಯಲ್ಲಿ ಶಿಲಾಯುಗದ ಜನ ಕೊಡಲಿ ಮಾಡಿಕೊಂಡದ್ದೂ ಅದೇ ಜಾತಿಯ ಕಲ್ಲಿನಿಂದ. ಅಂದರೆ ಮೋಟಗೋಣದ ಹಿಂಡು ಕಲ್ಲು ಸವೆದಾಗ ಕೃಷ್ಣೆ ದಾಟಿ ದಕ್ಷಿಣಕ್ಕೆ ಬರಬೇಕು. ವಲಸೆಯ ದಾರಿ ಹೀಗೆ ಭೂಗರ್ಭದ ನಕ್ಷೆಯಿಂದ ಹುಟ್ಟುತ್ತದೆ, ನಾವು ಕೂತು ಹೆಣೆಯಬೇಕಿಲ್ಲ. ಈ ಅಭ್ಯಾಸದಲ್ಲಿ ನನಗೆ ಬಹಳ ಹಿಡಿಸುವ ಭಾಗ ಇದು.

ಹೆಸರೇ ಹೇಳುವಂತೆ ಮೋಟಗೋಣದ ಕತ್ತು ಮೋಟು. ಕತ್ತು ಮೋಟಾದದ್ದಕ್ಕೂ ನಿದರ್ಶನವಿದೆ. ಅರ್ಜೆಂಟೀನಾದ ಬ್ರಾಕಿಟ್ರಾಕೆಲೊಪಾನ್ ತನ್ನ ನೆಂಟರಿಗಿಂತ ಬಹಳ ಮೋಟು ಕತ್ತಿನದು. ಐಸಿಸಾರಸ್‌ಗೆ ಮುಂಗಾಲು ಉದ್ದ, ಎದೆ ಎತ್ತರ. ಅದೇ ಮೈಕಟ್ಟಿಗೆ ಕತ್ತು ಮಾತ್ರ ಕತ್ತರಿಸಿದರೆ ಬಾಯಿ ನೆಲ ಮುಟ್ಟುವುದಿಲ್ಲ. ಮುಂಗಾಲೂ ಗಿಡ್ಡವಾಗಬೇಕು. ಜೊತೆಗೆ ಒಂದು ನಷ್ಟವಿದೆ: ಉದ್ದ ಕತ್ತು ಬಿಸಿ ಹೊರಹಾಕುವ ದೊಡ್ಡ ಮೈ ಕೂಡ ಹೌದು. ಕತ್ತು ಮೋಟಾದರೆ ಮೇ ತಿಂಗಳ 40 ಡಿಗ್ರಿಯಲ್ಲಿ ಪ್ರಾಣಿ ಹಗಲು ಮೇಯಲಾರದು, ನಸುಕಿಗೆ ಮತ್ತು ರಾತ್ರಿಗೆ ಮೇವು.

ಈಗ ಎಲುಬಿನ ತಾಳೆ. ನಾಲ್ಕು ಕಾಲಿನ ಪ್ರಾಣಿಯ ತೋಳೆಲುಬು ಮತ್ತು ತೊಡೆ ಎಲುಬುಗಳ ಸುತ್ತಳತೆಯನ್ನು ಮಿಲಿಮೀಟರಿನಲ್ಲಿ ಕೂಡಿಸಿ, ಅದನ್ನು 2.73ರ ಘಾತಕ್ಕೇರಿಸಿ, 0.078ರಿಂದ ಗುಣಿಸಿದರೆ ತೂಕ ಗ್ರಾಮಿನಲ್ಲಿ ಸಿಗುತ್ತದೆ. ಇದು 1985ರಲ್ಲಿ ಆ್ಯಂಡರ್ಸನ್ ಮತ್ತು ಸಂಗಡಿಗರು ಕೊಟ್ಟ ಸೂತ್ರ. ಇದು ಅಂದಾಜು, ಹತ್ತಾರು ಶೇಕಡಾ ಆಚೀಚೆ ಆಗುತ್ತದೆ. 900 ಕೆ.ಜಿ.ಗೆ ಹಿಂದುಮುಂದಾಗಿ ಲೆಕ್ಕ ಹಾಕಿದರೆ ಎರಡೂ ಸುತ್ತಳತೆ ಸೇರಿ ಸುಮಾರು 386 ಮಿ.ಮೀ. ಬರಬೇಕು. ನಿಮ್ಮ ಚಿತ್ರದಲ್ಲಿ 250 ಬಂದರೆ ಆ ಕಾಲು ಈ ಮೈಯನ್ನು ಹೊರುವುದಿಲ್ಲ. ಇದೇ ಸೂತ್ರದಿಂದ ಇನ್ನೊಂದು ಮಾತು ತಿಳಿಯುತ್ತದೆ: ಉದ್ದವನ್ನು ಇಮ್ಮಡಿ ಮಾಡಿದರೆ ತೂಕ 8 ಪಟ್ಟು, ಎಲುಬಿನ ಸುತ್ತಳತೆ ಇಮ್ಮಡಿ ಸಾಲದು, 2.14 ಪಟ್ಟು ಬೇಕು. ಚಿತ್ರವನ್ನು ಹಿಗ್ಗಿಸಿದಾಗ ದೊಡ್ಡ ಪ್ರಾಣಿ ಸಪೂರ ಕಾಲಿನದಾಗಿ ಕಾಣುವುದು ಇದಕ್ಕೇ.

ಮೇವಿನ ಲೆಕ್ಕಕ್ಕೆ ಕ್ಲೈಬರ್ ನಿಯಮ ಸಾಕು: ಬಿಸಿರಕ್ತದ ಪ್ರಾಣಿಗೆ ಸುಮ್ಮನಿದ್ದಾಗ ದಿನಕ್ಕೆ ಬೇಕಾದ ಕಿಲೋಕ್ಯಾಲೊರಿ ಎಂದರೆ ಕೆ.ಜಿ. ತೂಕದ 0.75 ಘಾತದ 70 ಪಟ್ಟು. 900 ಕೆ.ಜಿ.ಗೆ 11,500. ನಡೆದಾಡಿ ಮೇಯಲು ಅದರ ಇಮ್ಮಡಿ, 23,000. ಒಣಮೇವಿನ ಕೆ.ಜಿ.ಗೆ 2,000 ದಕ್ಕುತ್ತದೆ ಎಂದರೆ ದಿನಕ್ಕೆ 11ರಿಂದ 12 ಕೆ.ಜಿ. ಎತ್ತಿಗೆ ಕಣಕಿ ಹಾಕುವವರಿಗೆ ಈ ಸಂಖ್ಯೆ ಅತಿ ಅನ್ನಿಸದು.

ತತ್ತಿಯ ವಿಷಯದಲ್ಲಿ ನಮ್ಮ ಮಣ್ಣೇ ಎದುರಾಳಿ. ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ 92 ಟೈಟನೊಸಾರ್ ಗೂಡು, 256 ತತ್ತಿ ಸಿಕ್ಕದ್ದನ್ನು 2023ರಲ್ಲಿ ಪ್ರಕಟಿಸಿದರು. ತತ್ತಿಯ ವ್ಯಾಸ 15ರಿಂದ 17 ಸೆಂ.ಮೀ. 16 ಎಂದು ಹಿಡಿದರೆ ಒಳಗೆ 2 ಲೀಟರ್ ಜಾಗ. ಮರಿ ಹೆಚ್ಚೆಂದರೆ 2 ಕೆ.ಜಿ. ಚಿಪ್ಪಿನ ತುಂಬ ಸಣ್ಣ ರಂಧ್ರ, ಅವುಗಳ ಮೂಲಕ ಮಣ್ಣಿನೊಳಗಿನ ಗಾಳಿ ಒಳಗೆ ಹೋಗಬೇಕು. ಎರಿ ಮಣ್ಣು ಮಳೆಯಲ್ಲಿ ಉಬ್ಬಿ ಮುಚ್ಚಿಕೊಳ್ಳುತ್ತದೆ, ತತ್ತಿ ಉಸಿರುಗಟ್ಟಿ ಸಾಯುತ್ತದೆ. ಬೇಸಿಗೆಯಲ್ಲಿ ಅದೇ ಮಣ್ಣು ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ತತ್ತಿ ಒಣಗುತ್ತದೆ, ಹಾವಿಗೂ ದಾರಿ. ಗುಜರಾತಿನ ಧೋಲಿ ಡುಂಗ್ರಿಯಲ್ಲಿ ಸಾನಾಜೇ ಎಂಬ ಸುಮಾರು ಮೂರೂವರೆ ಮೀಟರಿನ ಹಾವು ಟೈಟನೊಸಾರ್ ಗೂಡಿನಲ್ಲೇ ಒಡೆದ ತತ್ತಿಯನ್ನು ಸುತ್ತಿಕೊಂಡು ಕಲ್ಲಾಗಿ ಸಿಕ್ಕಿದೆ. ಮೋಟಗೋಣ ಎರಿಯಲ್ಲಿ ಮೇಯಬಹುದು, ಗೂಡಿಗೆ ಹೊಳೆದಂಡೆಯ ಮರಳೋ ಮಸಾರಿ ನೆಲವೋ ಬೇಕು. ಈ ಎರಡು ನೆಲ ನಡಿಗೆಯಷ್ಟು ಹತ್ತಿರ ಸಿಗುವುದು ಕೃಷ್ಣೆಯ ಆಸುಪಾಸಿನಲ್ಲೇ.

ಮರಿ ಹಡೆಯುವಂತೆ ಮಾಡಿದರಾಗದೆ ಎಂದರೆ, ಹಕ್ಕಿ ಮತ್ತು ಮೊಸಳೆಗಳಲ್ಲಿ ಒಂದೂ ಈವರೆಗೆ ತತ್ತಿ ಇಡುವುದನ್ನು ಬಿಟ್ಟಿಲ್ಲ. ಭ್ರೂಣ ತನ್ನ ಎಲುಬಿಗೆ ಸುಣ್ಣವನ್ನು ಚಿಪ್ಪಿನಿಂದಲೇ ತೆಗೆದುಕೊಳ್ಳುತ್ತದೆ. ಅದನ್ನು ಕಿತ್ತರೆ ಬೇರೆ ಹಲವು ಕೆಡುತ್ತವೆ.

ರಕ್ಷಣೆಗೆ ಕೋಡು ಬೇಡ. ಟೈಟನೊಸಾರ್‌ಗಳ ಚರ್ಮದೊಳಗೆ ಎಲುಬಿನ ಬಿಲ್ಲೆಗಳಿದ್ದವು, ಭಾರತದಲ್ಲೂ ಸಿಕ್ಕಿವೆ. ಬೆನ್ನು, ಸೊಂಟದ ಮೇಲೆ ಅವನ್ನು ದಪ್ಪ ಮಾಡಿದರೆ ಸಾಕು.

ಇನ್ನು ಬೇಟೆಗಾರ. ಅಬೆಲಿಸಾರ್‌ನ ಮರಿಮೊಮ್ಮಗ, 300 ಕೆ.ಜಿ., ಹೆಸರು ಮೊಂಡಗೈ. ಕೈಯಿಂದ ಹಿಡಿಯುವಂತೆ ಬರೆಯಬೇಡಿ, ಕೈ ಆಗಲೇ ಹೋಗಿತ್ತು. ಎಲ್ಲ ಕೆಲಸ ಬಾಯಿಯದು. ದಕ್ಷಿಣ ಅಮೆರಿಕದ ಬಂಧು ಕಾರ್ನೊಟಾರಸ್‌ನಲ್ಲಿ ಬಾಲದಿಂದ ತೊಡೆಗೆ ಬರುವ ಸ್ನಾಯು ಬಹಳ ದೊಡ್ಡದು, ನೇರ ಓಟಕ್ಕೆ ಒಳ್ಳೆಯದು. ಆದರೆ ಬಾಲ ಬಾಗದಷ್ಟು ಗಟ್ಟಿಯಾದ್ದರಿಂದ ಚಕ್ಕನೆ ತಿರುಗುವುದು ಕಷ್ಟ. ಹಾಗಾಗಿ ಮೊಂಡಗೈ ಬಯಲಿನದು, ಖಾನಾಪುರದ ಕಾಡಿನದಲ್ಲ. ಎರಡು ಕಾಲಿನ ಪ್ರಾಣಿಗೆ ಸೂತ್ರದ ಗುಣಕ 0.16, ಎಣಿಸುವುದು ತೊಡೆ ಎಲುಬೊಂದನ್ನೇ. 300 ಕೆ.ಜಿ.ಗೆ ಸುತ್ತಳತೆ 20 ಸೆಂ.ಮೀ. ಹತ್ತಿರ.

ಅದರ ಊಟ ದಿನಕ್ಕೆ ಸುಮಾರು 8 ಕೆ.ಜಿ. ಮಾಂಸ. ಎಷ್ಟು ಬೇಟೆ ಇದ್ದರೆ ಎಷ್ಟು ಬೇಟೆಗಾರ ಎಂಬುದಕ್ಕೆ ಈಗಿನ ಮಾಂಸಾಹಾರಿ ಸಸ್ತನಿಗಳಿಂದ ತೆಗೆದ ಅಳತೆಯೊಂದಿದೆ: 10,000 ಕೆ.ಜಿ. ಬೇಟೆಗೆ 90 ಕೆ.ಜಿ. ಬೇಟೆಗಾರ. ಒಂದು ಮೊಂಡಗೈಗೆ 33 ಟನ್, ಅಂದರೆ 37 ಮೋಟಗೋಣ. ವಂಶ ಉಳಿಯಲು 500 ಮೊಂಡಗೈ ಬೇಕು, ಚದರ ಕಿ.ಮೀ.ಗೆ 2 ಟನ್ ಬೇಟೆ ಇದೆ ಎಂದು ಇಟ್ಟುಕೊಂಡರೆ 8,300 ಚ.ಕಿ.ಮೀ. ಬೇಕಾಯಿತು. ವಿಜಯಪುರ ಜಿಲ್ಲೆ ಪೂರ್ತಿ ಸುಮಾರು 10,500. ಅದೇ ಅಳತೆಯ ಎರಡನೆಯ ಜಾತಿಗೆ ಇಲ್ಲಿ ಜಾಗವಿಲ್ಲ. ಹೊಸಬರ ಚಿತ್ರಗಳಲ್ಲಿ ಒಂದು ಗುಡ್ಡಕ್ಕೆ ಮೂರು ಬಗೆಯ ದೊಡ್ಡ ಬೇಟೆಗಾರ ಇರುತ್ತವೆ. ಅವು ಒಂದು ವಾರವೂ ಬದುಕಲಾರವು. ತಣ್ಣನೆ ರಕ್ತದ ಬೇಟೆಗಾರನಾದರೆ ಊಟ ಹತ್ತರಲ್ಲಿ ಒಂದು ಪಾಲು, ಆಗ ಜಾಗ ಸಿಗುತ್ತದೆ. ಆ ಜಾಗಕ್ಕೆ ನೆಲದ ಮೊಸಳೆ, ದೊಡ್ಡ ಉಡ, ದೊಡ್ಡ ಹಾವು ತಕ್ಕವು. ಹಾವಿಗಂತೂ ಕಲ್ಪನೆಯೇ ಬೇಡ: ಕಛ್‌ನ ಪಾನಂಧ್ರೊ ಲಿಗ್ನೈಟ್ ಗಣಿಯಲ್ಲಿ ಸಿಕ್ಕ ವಾಸುಕಿ ಇಂಡಿಕಸ್ 4 ಕೋಟಿ 70 ಲಕ್ಷ ವರ್ಷ ಹಳೆಯದು, ಉದ್ದ 11ರಿಂದ 15 ಮೀ. ಎಂದು ಅಂದಾಜು.

ಹಾರುವ ಟೆರೊಸಾರ್‌ಗಳ ಬಗ್ಗೆ ಎರಡೇ ಮಾತು. ಬಾದಾಮಿಯ ಕೆಂಪು ಬಂಡೆಯ ಅಂಚಿನಿಂದ ಬಿಸಿಗಾಳಿಯ ಮೇಲೆ ತೇಲುವ ಟೆರೊಸಾರ್ ಒಪ್ಪಿತ. ಹದ್ದಿನಂತೆ ಕಾಲಿನಲ್ಲಿ ಬೇಟೆ ಎತ್ತಿಕೊಂಡು ಹೋಗುವ ಟೆರೊಸಾರ್ ಒಪ್ಪಿತವಲ್ಲ, ಅದರ ಪಾದಕ್ಕೆ ಹಿಡಿತವಿರಲಿಲ್ಲ.

ಪ್ರಶ್ನೋತ್ತರದಲ್ಲಿ ಬಂದ ಎರಡು ಪ್ರಶ್ನೆಗಳನ್ನು ಇಲ್ಲಿ ಸೇರಿಸಿದೆ.

ಡೈನೋಸಾರ್ ಮನುಷ್ಯನಂತೆ ಆಗುತ್ತಿತ್ತೇ? 1982ರಲ್ಲಿ ಕೆನಡಾದ ಡೇಲ್ ರಸೆಲ್, ಶಿಲ್ಪಿ ರಾನ್ ಸೆಗ್ಯಾಂ ಜೊತೆ ಅಂಥ ಒಂದು ಮಾದರಿ ಮಾಡಿದರು. ಸ್ಟೆನೊನಿಕೊಸಾರಸ್ ಎಂಬ, ಮೈಗೆ ಹೋಲಿಸಿದರೆ ದೊಡ್ಡ ಮೆದುಳಿನ ಡೈನೋಸಾರ್‌ನ ವಂಶ. ನೆಟ್ಟಗೆ ನಿಂತಿದೆ, ಬಾಲವಿಲ್ಲ, ಮನುಷ್ಯನ ಮೈಕಟ್ಟು. ಬಂದ ಟೀಕೆಯೂ ಅದಕ್ಕೇ. ಬಾಲ ಆ ಪ್ರಾಣಿಯ ತಕ್ಕಡಿ, ಅದನ್ನು ತೆಗೆದರೆ ಸೊಂಟ, ತೊಡೆ ಎಲ್ಲ ಹೊಸದಾಗಿ ಕಟ್ಟಬೇಕು. ಬುದ್ಧಿ ಬೆಳೆಯಲು ಅದರ ಅಗತ್ಯವಿಲ್ಲ, ಕಾಗೆ ಅಡ್ಡ ಮೈಯಲ್ಲೇ ಉಪಕರಣ ಬಳಸುತ್ತದೆ. ನಮ್ಮ ಮೊಂಡಗೈಗಂತೂ ಉಪಕರಣ ಹಿಡಿಯಲು ಕೈಯೇ ಇಲ್ಲ.

ಶಾಲೆಯಲ್ಲಿ ಮಾಡಿಸುವುದು ಹೇಗೆ? ಮೊದಲು ಎಲುಬಿನ ಚಿತ್ರ, ಆಮೇಲೆ ಸ್ನಾಯು, ಕಡೆಗೆ ಚರ್ಮ. ಬಣ್ಣದಿಂದ ಶುರು ಮಾಡಿದ ಮಕ್ಕಳು ಎಲುಬಿಗೆ ಮರಳುವುದಿಲ್ಲ. ತೂಕಕ್ಕೆ 1:20 ಅಳತೆಯ ಗೊಂಬೆ ಮಾಡಿ ನೀರಿನಲ್ಲಿ ಮುಳುಗಿಸಿ. 1962ರಲ್ಲಿ ಎಡ್ವಿನ್ ಕೋಲ್ಬರ್ಟ್ ಇದೇ ಉಪಾಯ ಮಾಡಿದ್ದರು, ನೀರಿನ ಬದಲು ಮರಳು. ಐಸಿಸಾರಸ್‌ನ ಪೂರ್ತಿ ಹೆಸರು ‘ಐಸಿಸಾರಸ್ ಕೋಲ್ಬರ್ಟಿ’ ಅವರ ನೆನಪಿಗೇ. ಗೊಂಬೆ 140 ಮಿ.ಲೀ. ನೀರು ಚೆಲ್ಲಿದರೆ ಅದನ್ನು 20ರ ಘನ, ಅಂದರೆ 8,000ದಿಂದ ಗುಣಿಸಿ: 1,120 ಲೀಟರ್. ಟೈಟನೊಸಾರ್ ಬೆನ್ನೆಲುಬಿನಲ್ಲಿ ಗಾಳಿಚೀಲ ಇದ್ದುದರಿಂದ ಸಾಂದ್ರತೆ 0.8 ಎಂದು ಹಿಡಿಯಿರಿ: ಸುಮಾರು 900 ಕೆ.ಜಿ. ಹಸಿ ಜೇಡಿಮಣ್ಣು ನೀರಿನಲ್ಲಿ ಕರಗುತ್ತದೆ, ಒಣಗಿದರೆ ಕುಗ್ಗುತ್ತದೆ. ಅಂಗಡಿಯಲ್ಲಿ ಸಿಗುವ ಎಣ್ಣೆ ಬೆರೆತ ಬಣ್ಣದ ಮಣ್ಣು ತನ್ನಿ, ಇಲ್ಲವೇ ಒಣಗಿದ ಗೊಂಬೆಯ ಮೇಲೆ ತೆಳ್ಳಗೆ ಮೇಣ ಸವರಿ. ಕಾಲಿನ ಸಂದಿಯಲ್ಲಿ ಗಾಳಿಗುಳ್ಳೆ ಕೂತರೆ ತೂಕ ಹೆಚ್ಚು ಬರುತ್ತದೆ, ಮುಳುಗಿಸಿದ ಮೇಲೆ ಅಲುಗಾಡಿಸಿ. ಗೊಂಬೆಯ ಅಳತೆಗಳೆಲ್ಲ ಶೇ. 5 ಹೆಚ್ಚಾದರೆ ತೂಕ ಶೇ. 16ರಷ್ಟು ಹೆಚ್ಚಾಗುತ್ತದೆ, ಆದ್ದರಿಂದ ಪ್ರತಿ ಗುಂಪಿಗೂ ಒಂದು ಉಕ್ಕಿನ ಸ್ಕೇಲು, ಒಂದು ದಾರ ಕೊಟ್ಟು ಎದೆ ಮತ್ತು ಹೊಟ್ಟೆಯ ಸುತ್ತಳತೆಯನ್ನು ಮುಳುಗಿಸುವ ಮೊದಲೇ ಬರೆಸಿಕೊಳ್ಳಿ.